ಭಜ್ಜಿಯ ಮಹಾಪ್ರಾಣ

ಮಾರ್ಗಶಿರ ಅಮಾವಾಸ್ಯೆಯ ದಿನ ಮಹಾರಾಷ್ಟ್ರದ ಗಡಿಯ ಉಮರ್ಗಾ, ನಿಲಂಗಾ, ಉದಗೀರದ ಪೇಟೆಗಳಲ್ಲಿ ಮನುಷ್ಯರನ್ನು ಹುಡುಕಬೇಕು. ಎಲ್ಲರೂ ಹೊಲದಲ್ಲಿ. ಕಣಿಕಿಯ ಗುಡಿಸಲು, ಸುಣ್ಣ ಬಳಿದ ಐದು ಪಾಂಡವರ ಕಲ್ಲು, ಗಡಿಗೆ ತುಂಬ ಅಂಬಲಿ, ಕಾಳು ಕಾಯಿಪಲ್ಲೆ ಕೂಡಿಸಿ ಕುದಿಸಿದ ಭಜ್ಜಿ. ಜಿಲ್ಲಾಧಿಕಾರಿಗಳೇ ಸ್ಥಳೀಯ ರಜೆ ಘೋಷಿಸುವುದು ರೂಢಿ. ಘೋಷಿಸದಿದ್ದರೂ ಶಾಲೆಯಲ್ಲಿ ಉಳಿಯುವವರು ಗಾಂಧೀಜಿ ಒಬ್ಬರೇ, ಅದೂ ಚೌಕಟ್ಟಿನೊಳಗಿದ್ದಾರೆಂದು.

ಮರಾಠಿಯವರಿಗೆ ಇದು ವೇಳ ಅಮಾವಾಸ್ಯೆ, ಕನ್ನಡದವರಿಗೆ ಎಳ್ಳಮಾಸಿ. ನಿಲಂಗಾ, ಉದಗೀರ 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಯಲ್ಲೇ ಇದ್ದವು. ರಾಜ್ಯ ಪುನರ್ವಿಂಗಡಣೆ ತಾಲೂಕುಗಳನ್ನು ಹಂಚಿತು. ಹೊಲಕ್ಕೆ ನೈವೇದ್ಯದ ಚರಗ ಚೆಲ್ಲುವ ಹಕ್ಕು ಯಾರದೆಂದು ತಿಳಿಯದೆ ಎರಡೂ ಕಡೆಗೆ ಬಿಟ್ಟುಕೊಟ್ಟಿತು.

ಮಜಾ ಇರುವುದು ಮರುದಿನ, ಶಾಲೆಯಲ್ಲಿ.

“ಹಬ್ಬದ ಬಗ್ಗೆ ಹತ್ತು ಸಾಲು ಬರೀರಿ” ಎಂದ ಮಾಸ್ತರರಿಗೆ ಸಿಗುವುದು ಪೊಲೀಸರ ಪಂಚನಾಮೆ: ಎದ್ದೆ, ಜಳಕ ಮಾಡಿದೆ, ಹೊಲಕ್ಕೆ ಹೋದೆ, ಉಂಡೆ, ಬಂದೆ. ಅದೇ ಮಾಸ್ತರರು “ಭಜ್ಜಿಗೆ ಏನೇನು ಹಾಕಿದ್ರು?” ಎಂದು ಖಡು ಹಿಡಿದು ನಿಂತರೆ ಕೈ ಸಾಲದು. ಅವರೆ, ತೊಗರಿ, ಬಟಾಣಿ, ಹಸಿಗಡಲೆ, ಗಜ್ಜರಿ, ಬದನೆ, ಮೆಂತೆಪಲ್ಲೆ. “ಸರ, ಕಡ್ಲಿಹಿಟ್ಟ ಬಿಟ್ರ್ಯಲ್ರೀ!” ಎಂದು ಹಿಂದಿನಿಂದ ತಕರಾರು ಬೇರೆ. ಫಲಕ ತುಂಬುವಷ್ಟರಲ್ಲಿ ಒಂದನೇ ಇಯತ್ತೆಯ ಅಕ್ಷರಮಾಲೆ ಸುಮಾರು ಮುಗಿದಿರುತ್ತದೆ. ತಕ್ತೆಯಲ್ಲಿನ ‘ಅ ಅರಸ’ನನ್ನು ಈ ಮಕ್ಕಳು ಕಂಡಿಲ್ಲ, ನಿಜಾಮರ ಆಳಿಕೆ 1948ಕ್ಕೇ ಮುಗಿಯಿತು. ‘ಅಂ ಅಂಬಲಿ’ಯನ್ನೋ, ನಿನ್ನೆಯಷ್ಟೇ ಅಂಗಿಯ ಮೇಲೆ ಚೆಲ್ಲಿಕೊಂಡಿದ್ದಾರೆ.

ಭಜ್ಜಿ ಬರೆಯುವಾಗ ‘ಬ’ವೋ ‘ಭ’ವೋ ಎಂಬ ಜಗಳ. ಅವ್ವ, ಆಯಿ ಕೂಡಿ ಕಾಳು ಸುಲಿದು ಸುಲಿದು ಪ್ರಾಣ ಹೋಗುವಷ್ಟು ದುಡಿದ ಪದಾರ್ಥಕ್ಕೆ ಅಲ್ಪಪ್ರಾಣ ಕೊಡುವುದು ಅನ್ಯಾಯವೇ ಸರಿ.

ನ್ಯೂಜಿಲೆಂಡಿನ ಶಿಕ್ಷಕಿ ಸಿಲ್ವಿಯಾ ಆಷ್ಟನ್-ವಾರ್ನರ್ ಮಾವೊರಿ ಮಕ್ಕಳಿಗೆ ಕಲಿಸಿದ್ದು ಹೀಗೆಯೇ. ನಿನಗೆ ಬೇಕಾದ ಪದ ಯಾವುದೆಂದು ಕೇಳುವುದು, ಅದನ್ನೇ ಚೀಟಿಯಲ್ಲಿ ಬರೆದು ಕೈಗೆ ಕೊಡುವುದು. ಅವರ ‘ಟೀಚರ್’ ಪುಸ್ತಕ 1963ರಲ್ಲಿ ಬಂತು. ನಮ್ಮಲ್ಲಿ 2021ರಲ್ಲಿ ಶುರುವಾದ ನಿಪುಣ ಭಾರತ ಯೋಜನೆಯೂ ಮೂರನೇ ಇಯತ್ತೆ ಮುಗಿಯುವುದರೊಳಗೆ ಮಗು ಅರ್ಥ ತಿಳಿದು ಓದಬೇಕೆನ್ನುತ್ತದೆ. ಅಂಬಲಿಯ ಅರ್ಥವನ್ನಂತೂ ಈ ಭಾಗದಲ್ಲಿ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಪುಣೆಯ ಬಾಲಭಾರತಿ ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೂ ಪಠ್ಯಪುಸ್ತಕ ಅಚ್ಚು ಹಾಕಿಸುತ್ತದೆ. ಹಬ್ಬದ ಪದಗಳ ಚೀಟಿಗೆ ಪುಣೆಯ ದಾರಿ ಕಾಯುವ ಗರಜಿಲ್ಲ, ಹಳೆಯ ಲಗ್ನಪತ್ರಿಕೆ ಸಾಕು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಇರುವ ಮಗುವಿಗೆ ಖಾಲಿ ಬದಿಯಲ್ಲಿ ಮೇಲೆ ಗಜ್ಜರಿ, ಕೆಳಗೆ ದೇವನಾಗರಿಯಲ್ಲಿ ಗಾಜರ. ತಿರುವಿದರೆ ಯಾರದೋ ವಧೂವರರು, ಆಹೇರು ತರಬೇಡಿರೆಂಬ ವಿನಂತಿ. ಚೂಟಿ ಮಗು ಅದನ್ನೂ ಓದುತ್ತದೆ.

ಭಜ್ಜಿಯ ಪಟ್ಟಿ ದಪ್ತರದಲ್ಲಿ ಮನೆಗೆ ಹೋಯಿತೆನ್ನಿ, ಆಗ ತಪಾಸಣೆ ಮಾಸ್ತರರದು. “ಹುಣಸಿಹುಳಿ ಎಲ್ಲದ? ನಿಮ್ಮ ಮಾಸ್ತರ ಭಜ್ಜಿ ಉಂಡಾರೋ ಇಲ್ಲೋ?” ಎಂದು ಆಯಿ ಕೇಳದೆ ಬಿಡುವುದಿಲ್ಲ. ಮರುದಿನ ಕೂಸು ತಾನೇ ಖಡು ಕಸಿದುಕೊಂಡು ಪಟ್ಟಿಯ ತುದಿಗೆ ಬರೆಯುತ್ತದೆ: ‘ಹುಣಸಿ ಹುಲಿ’. ಹುಲಿ ಹಾಕಿದ ಭಜ್ಜಿ ಯಾರ್ಯಾರು ಉಣ್ಣುತ್ತೀರಿ ಎಂದರೆ ಇಡೀ ವರ್ಗ ಕೈ ಎತ್ತುತ್ತದೆ.