ಜೀರೋ ಬಲ್ಬಿಗೆ ಜಯವಾಗಲಿ

ನಮ್ಮ ಮನೆಗಳಲ್ಲಿ ಹಗಲಿರುಳು ದುಡಿದೂ ಲೆಕ್ಕಕ್ಕೆ ಬಾರದವರು ಇಬ್ಬರು. ಒಬ್ಬರು ಮನೆಯ ಹೆಂಗಸು, ಇನ್ನೊಬ್ಬರು ಜೀರೋ ಕ್ಯಾಂಡಲ್ ಬಲ್ಬು. ಮೊದಲನೆಯವರಿಗೆ ಮಾರ್ಚ್ 8ರಂದು ಭಾಷಣವಾದರೂ ಸಿಗುತ್ತದೆ. ಎರಡನೆಯವರಿಗೆ ಈವರೆಗೆ ಒಂದು ಹಾರವೂ ಬಿದ್ದಿಲ್ಲ. ಆ ಕೊರತೆ ನೀಗಲೆಂದೇ ಈ ನಾಲ್ಕು ಮಾತು.

ಮೊದಲು ಹೊಗಳಬೇಕಾದ್ದು ಅದರ ವಿನಯವನ್ನು. ಹೆಸರು ಜೀರೋ, ಎಳೆಯುವುದು ಸುಮಾರು 15 ವಾಟ್. ಏಕಾದಶಿಯ ದಿನ ಅನ್ನ ಮುಟ್ಟದೆ, ಅವಲಕ್ಕಿ, ನಾಲ್ಕು ಬಾಳೆಹಣ್ಣು, ಒಂದು ಲೋಟ ಹಾಲು ಮುಗಿಸಿ ‘ಇವತ್ತು ನಿರಾಹಾರ’ ಎನ್ನುವ ಹಿರಿಯರ ಸಂಪ್ರದಾಯವನ್ನು ವಿದ್ಯುತ್ ಕ್ಷೇತ್ರದಲ್ಲಿ ಉಳಿಸಿಕೊಂಡು ಬಂದಿರುವುದು ಇದೊಂದೇ. ಬಿರುದು ಸುಮ್ಮನೆ ಬಂದದ್ದಲ್ಲ. ಮೀಟರಿನೊಳಗೆ ಚಕ್ರ ತಿರುಗುತ್ತಿದ್ದ ಕಾಲದಲ್ಲಿ ಅಷ್ಟು ಸಣ್ಣ ಹೊರೆ ಅದರ ಕಣ್ಣಿಗೆ ಸರಿಯಾಗಿ ಬೀಳುತ್ತಿರಲಿಲ್ಲ. ಮೀಟರಿಗೇ ಕಾಣದ್ದು ಮನೆಯವರಿಗೆ ಕಾಣುವುದುಂಟೆ? ಈಗಿನ ಡಿಜಿಟಲ್ ಮೀಟರಿಗೆ ಆ ದಾಕ್ಷಿಣ್ಯವಿಲ್ಲ, ಸಿಕ್ಕಿದ್ದನ್ನೆಲ್ಲ ಬರೆದುಕೊಳ್ಳುತ್ತದೆ. ಆದರೂ ಬಲ್ಬಿನ ಕೀರ್ತಿಗೆ ಕುಂದಿಲ್ಲ. “ಅಮ್ಮಾ, ದೇವರ ಮನೆ ಲೈಟು ಹಗಲಲ್ಲೂ ಉರೀತಿದೆ” ಎಂದು ಮಗಳು ಕೂಗಿದರೆ, “ಉರೀಲಿ ಬಿಡೇ, ಜೀರೋ ತಾನೆ?” ಎಂಬ ಉತ್ತರ ಅಡುಗೆಮನೆಯಿಂದ ಈಗಲೂ ಬರುತ್ತದೆ.

ಹೀಗೆ ಇಪ್ಪತ್ನಾಲ್ಕು ಗಂಟೆಯೂ ಉರಿದ ಜೀರೋ ತಿಂಗಳಿಗೆ ಮುಗಿಸುವುದು 10.8 ಯೂನಿಟ್. ಹಾಲಿನಲ್ಲಿ ದಿನಕ್ಕೆ ಆರು ಗಂಟೆ ಉರಿಯುವ 60 ವಾಟಿನ ಗುಂಡು ಬಲ್ಬಿನದೂ ಸರಿಯಾಗಿ ಅಷ್ಟೇ. ಗುಂಡು ಬಲ್ಬನ್ನು ‘ಕರೆಂಟು ತಿನ್ನುತ್ತೆ’ ಎಂದು ಬಯ್ಯುತ್ತೇವೆ, ಜೀರೋಗೆ ಕೈ ಮುಗಿಯುತ್ತೇವೆ. ಅದು ದೇವರ ಪಕ್ಕದಲ್ಲಿರುವುದರ ಪುಣ್ಯ. 9 ವಾಟಿನ ಎಲ್ಇಡಿ ಹಗಲು ರಾತ್ರಿ ಉರಿದರೂ ತಿಂಗಳಿಗೆ ಆರೂವರೆ ಯೂನಿಟ್ ಮುಟ್ಟುವುದಿಲ್ಲ. ಇಡೀ ಕೋಣೆ ಬೆಳಗುವಷ್ಟು ಬೆಳಕು ಕೊಟ್ಟೂ ಅದಕ್ಕೆ ಜೀರೋ ಎನಿಸಿಕೊಳ್ಳುವ ಯೋಗ್ಯತೆ ಬಂದಿಲ್ಲ.

ಜೀರೋ ಹುಟ್ಟಿದ ಮನೆತನವೇ ದೊಡ್ಡದು. ಗುಂಡು ಬಲ್ಬು ಎಳೆದುಕೊಳ್ಳುವ ಕರೆಂಟಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಶಾಖವಾಗುತ್ತದೆ, ಉಳಿದ ಚೂರುಪಾರು ಬೆಳಕಾಗುತ್ತದೆ. ಇದನ್ನು ದೋಷ ಎನ್ನುವವರಿಗೆ ಅದನ್ನು ನೋಡುವ ಕಣ್ಣಿಲ್ಲ. ಅದು ದೀಪವಲ್ಲ, ಒಲೆ. ಬೆಳಕನ್ನು ಕೊಸರಾಗಿ ಕೊಡುತ್ತಿದೆ, ಅಷ್ಟೆ. ಈ ಸತ್ಯ ಕೋಳಿ ಸಾಕುವವರಿಗೆ ಎಂದೋ ಗೊತ್ತು. ಮೊಟ್ಟೆಯೊಡೆದ ಮರಿಗಳನ್ನು ಬೆಚ್ಚಗಿಡಲು ಅವರು ತೂಗುಬಿಡುವುದು ಇದನ್ನೇ. ಯುರೋಪಿನಲ್ಲಿ ಈ ಬಲ್ಬುಗಳನ್ನು ಹಂತಹಂತವಾಗಿ ನಿಲ್ಲಿಸತೊಡಗಿದಾಗ ಜರ್ಮನಿಯ ಇಂಜಿನಿಯರೊಬ್ಬ 2010ರಲ್ಲಿ ಅದನ್ನೇ ‘ಹೀಟ್ ಬಾಲ್’ ಎಂದು ಕರೆದು, ಕೋಣೆ ಕಾಯಿಸುವ ಉಪಕರಣವಾಗಿ ಮಾರಾಟಕ್ಕಿಟ್ಟ. ಅಲ್ಲಿ ಚಳಿಯಾದರೂ ಇದೆ. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಬಲ್ಬಿನಿಂದ ಕೋಣೆ ಕಾಯಿಸಿ, ಫ್ಯಾನಿನಿಂದ ಆರಿಸಿ, ಎರಡಕ್ಕೂ ಒಂದೇ ಬಿಲ್ಲಿನಲ್ಲಿ ಹಣ ಕಟ್ಟುವ ನಮ್ಮ ಔದಾರ್ಯ ಜರ್ಮನರಿಗೆ ಎಲ್ಲಿಂದ ಬರಬೇಕು?

ಗುಂಡು ಬಲ್ಬಿಗೆ ಇನ್ನೂ ಹಲವು ಕಲೆಗಳು ಗೊತ್ತು. ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ಅದು ಕೆಂಪು ದಾರದಂತೆ ಕುಗ್ಗಿ, ವೋಲ್ಟೇಜ್ ಎಷ್ಟು ಇಳಿದಿದೆ ಎಂದು ಊರಿಗೆಲ್ಲ ಸಾರುತ್ತದೆ. ಎಲ್ಇಡಿಯೋ, ವೋಲ್ಟೇಜ್ ತಕ್ಕಮಟ್ಟಿಗೆ ಬಿದ್ದರೂ ಏನೂ ಆಗಿಲ್ಲವೆಂಬಂತೆ ನಗುತ್ತಿರುತ್ತದೆ. ಅಂಥವರನ್ನು ನಂಬುವುದು ಹೇಗೆ? ಇನ್ನು, ಆರಿಹೋದ ಬಲ್ಬಿಗೆ ಜೀವ ತುಂಬುವ ವಿದ್ಯೆ. ಬಿಸಿ ಬಲ್ಬನ್ನು ಪಂಚೆಯ ಸೆರಗಿನಲ್ಲಿ ಹಿಡಿದು, ಒತ್ತಿ, ತಿರುಗಿಸಿ ಹೋಲ್ಡರಿನಿಂದ ಬಿಡಿಸಬೇಕು. ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಕಿಣಿಕಿಣಿ ಆಲಿಸಬೇಕು. ತುಂಡಾದ ತಂತಿಯ ಎರಡು ತುದಿ ಒಂದಕ್ಕೊಂದು ಅಂಟುವವರೆಗೂ ಮೆಲ್ಲಗೆ ತಟ್ಟುತ್ತ ತಿರುಗಿಸಬೇಕು. ಕೂಡಿಕೊಂಡರೆ ಬಲ್ಬು ಮೊದಲಿಗಿಂತ ಪ್ರಖರವಾಗಿ ನಾಲ್ಕು ದಿನ ಉರಿಯುತ್ತದೆ, ಯಜಮಾನರ ಮುಖ ಎಂಟು ದಿನ. ಬಲ್ಬಿನ ಆಯುಸ್ಸು 1000 ಗಂಟೆಯ ಆಸುಪಾಸು ಆದ್ದರಿಂದಲೇ ಈ ಕುಶಲಕಲೆ ಮನೆಮನೆಯಲ್ಲೂ ಉಳಿಯಿತು. 15,000, 25,000 ಗಂಟೆ ಉರಿಯುತ್ತೇನೆಂದು ಡಬ್ಬಿಯ ಮೇಲೆ ಬರೆದುಕೊಂಡು ಬರುವ ಎಲ್ಇಡಿ ಈ ಕಲೆಯ ಶತ್ರು.

ಶತ್ರುವಿನ ಉಪದ್ರವ ಅಲ್ಲಿಗೇ ಮುಗಿಯುವುದಿಲ್ಲ. ಅದನ್ನು ಕೊಳ್ಳಲು ಓದು ಬರಹ ಬೇಕು. ಅಂಗಡಿಗೆ ಹೋಗಿ ‘ಒಂದು ಅರವತ್ತು ಕೊಡ್ರೀ’ ಎಂದರೆ ಮುಗಿಯುತ್ತಿದ್ದ ವ್ಯಾಪಾರದಲ್ಲಿ ಈಗ ಲ್ಯೂಮೆನ್ ನೋಡು ಎನ್ನುತ್ತಾರೆ. 60 ವಾಟಿನ ಬಲ್ಬು ಕೊಡುವುದು 700 ಲ್ಯೂಮೆನ್ ಸುಮಾರಿಗೆ. ಒಳ್ಳೆಯ 9 ವಾಟಿನ ಎಲ್ಇಡಿ 900ರ ತನಕ ಹೋಗುತ್ತದಂತೆ. ನಕ್ಷತ್ರ ಎಣಿಸಬೇಕಂತೆ, ಹಳದಿ ಬಣ್ಣವೋ ಬಿಳಿಯೋ ಎಂದು ಆರಿಸಬೇಕಂತೆ. ಅಷ್ಟೆಲ್ಲ ಮಾಡಿ ತಂದು ಹಾಕಿದರೆ ಮೂಲೆಯ ಜೇಡರ ಬಲೆ, ಗೋಡೆಯ ಬಿರುಕು, ಸಾರಿನಲ್ಲಿ ಬೇಳೆ ಎಷ್ಟಿದೆ ಎಂಬುದು, ಎಲ್ಲ ಬಯಲಾಗುತ್ತದೆ. ಸಂಸಾರಕ್ಕೆ ಇಷ್ಟು ಬೆಳಕು ಒಳ್ಳೆಯದಲ್ಲ.

ಪುಣ್ಯಕ್ಕೆ ಎಲ್ಇಡಿಗಳಲ್ಲೂ ಸಜ್ಜನರಿದ್ದಾರೆ. ಸಂತೆಯಲ್ಲಿ ಚಾಪೆಯ ಮೇಲೆ ರಾಶಿ ಹಾಕಿ ಮಾರುವ, ಹೆಸರಿಲ್ಲದ, ಲ್ಯೂಮೆನ್ ಬರೆಯದ, ನಕ್ಷತ್ರವಿಲ್ಲದ ಬಲ್ಬುಗಳಲ್ಲಿ ಎಷ್ಟೋ ಮೂರೇ ತಿಂಗಳಿಗೆ ಮಿಣಮಿಣ ಎಂದು ಕಣ್ಣು ಮುಚ್ಚುತ್ತವೆ. ಒಳಗಿನ ದೀಪ ಗಟ್ಟಿಯಾಗಿಯೇ ಇರುತ್ತದೆ. ಬುಡದಲ್ಲಿರುವ ಡ್ರೈವರ್ ಎಂಬ ಅಗ್ಗದ ಬಿಡಿಭಾಗ ಸುಟ್ಟಿರುತ್ತದೆ. ಒಳ್ಳೆಯ ಬಲ್ಬನ್ನೇ ತಂದರೂ ಗಾಳಿಯಾಡದ ಗಾಜಿನ ಬುರುಡೆಯೊಳಗೆ ಮುಚ್ಚಿಟ್ಟು, ಶಾಖ ಹೊರಹೋಗದಂತೆ ಮಾಡಿ, ಅದೇ ಫಲ ಪಡೆಯಬಹುದು. ‘ಎಲ್ಇಡಿ ಬಾಳಿಕೆ ಬರಲ್ಲ ಕಣ್ರೀ’ ಎನ್ನಲು ಸಾಕ್ಷಿ ಒದಗಿಸಿದ ಈ ಮಹನೀಯರಿಗೆ ಗುಂಡು ಬಲ್ಬಿನ ವಂಶದಲ್ಲಿ ಗೌರವ ಸದಸ್ಯತ್ವ ಕೊಡತಕ್ಕದ್ದು.

ಸರ್ಕಾರವೂ ಜೀರೋವನ್ನು ಅಲುಗಿಸಲು ನೋಡಿತು. 2015ರಲ್ಲಿ ದೇಶಕ್ಕೆಲ್ಲ ‘ಉಜಾಲಾ’ ಬಂತು. ಅದೇ ವರ್ಷದ ಕೊನೆಗೆ ನಮ್ಮಲ್ಲಿ ‘ಹೊಸ ಬೆಳಕು’ ಎಂದು 9 ವಾಟಿನ ಬಲ್ಬನ್ನು 100 ರೂಪಾಯಿಗೆ ಕೊಟ್ಟರು. ಜನ ಸರತಿಯಲ್ಲಿ ನಿಂತು ತಂದರು, ನಾಲ್ಕು ಜನ ಬರುವ ಹಾಲಿಗೆ ಹಾಕಿದರು. ದೇವರ ಮನೆಯ ಕೆಂಪು ಜೀರೋವನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಈ ನಿಷ್ಠೆಗೆ ಫಲ ಸಿಕ್ಕಿದ್ದು 2023ರ ಜುಲೈನಲ್ಲಿ. ಗೃಹಜ್ಯೋತಿ ಶುರುವಾದಾಗ ಯಾರಿಗೆ ಎಷ್ಟು ಯೂನಿಟ್ ಉಚಿತ ಎಂಬುದಕ್ಕೆ ಇಟ್ಟ ಲೆಕ್ಕ ಹೀಗಿತ್ತು: 2022-23ರಲ್ಲಿ ತಿಂಗಳಿಗೆ ಸರಾಸರಿ ಉರಿಸಿದ್ದು, ಅದರ ಮೇಲೆ ನೂರಕ್ಕೆ ಹತ್ತು, ಒಟ್ಟು 200 ಮೀರಬಾರದು. ಬಲ್ಬುಗಳನ್ನೆಲ್ಲ ಬದಲಿಸಿ ಸರಾಸರಿಯನ್ನು 60ಕ್ಕೆ ಇಳಿಸಿಕೊಂಡಿದ್ದ ಜಾಣನೊಬ್ಬ ಇದ್ದನೆನ್ನಿ. ಅವನಿಗೆ 66 ಯೂನಿಟ್. ಗುಂಡು ಬಲ್ಬು, ಜೀರೋ ಬಲ್ಬು, ಹಳೇ ಚೋಕಿನ ಟ್ಯೂಬ್‌ಲೈಟುಗಳನ್ನು ಸಾಕಿಕೊಂಡು 120 ಉರಿಸುತ್ತಿದ್ದ ಪಕ್ಕದ ಮನೆಯವನಿಗೆ 132. ಮಿತವ್ಯಯಿ ತಲೆ ಕೆರೆದುಕೊಂಡ, ಪಕ್ಕದವನು ಜೀರೋಗೆ ಕುಂಕುಮ ಹಚ್ಚಿದ.

ಈಗ ಜೀರೋ ಬಲ್ಬಿನ ಕೆಳಗೆ ಜೀರೋ ಬಿಲ್ಲು. ಎರಡೂ ಒಂದೇ ಗೋತ್ರ. ಆ ಬಿಲ್ಲಿನ ಹಣವನ್ನು ಸರ್ಕಾರ ವಿದ್ಯುತ್ ಕಂಪನಿಗಳಿಗೆ ತುಂಬುತ್ತದೆ, ಸರ್ಕಾರಕ್ಕೆ ನಾವು ತೆರಿಗೆಯಾಗಿ ತುಂಬುತ್ತೇವೆ. ಶರಾವತಿ ಕಣಿವೆಯ ಊರುಗಳು ಲಿಂಗನಮಕ್ಕಿಯ ನೀರಿನಡಿ ಸೇರಿದ್ದು, ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯುತ್ತಿರುವುದು, ಕೊನೆಗೆ ನಮ್ಮ ಬಚ್ಚಲುಮನೆಯ ಗೋಡೆ ಸದಾ ಬೆಚ್ಚಗಿರಲೆಂದು. ಇಷ್ಟೆಲ್ಲ ಆದಮೇಲೂ ಲೆಕ್ಕದಲ್ಲಿ ಸೊನ್ನೆ ಎಂದೇ ಉಳಿಯುವ ಚಾಕಚಕ್ಯತೆ ಸಾಮಾನ್ಯದ್ದಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಎಚ್ಚರಿಕೆಯ ಮಾತು. ಅಂಗಡಿಗಳಲ್ಲಿ ಈಗ ಅರ್ಧ ವಾಟಿನ ಎಲ್ಇಡಿ ನೈಟ್ ಲ್ಯಾಂಪ್ ಸಿಗುತ್ತಿದೆ. ಕೆಂಪು, ನೀಲಿ, ಹಸಿರು ಎಲ್ಲ ಬಣ್ಣದಲ್ಲೂ ಇದೆ, ಅದೇ ಹಳೆಯ ಹೋಲ್ಡರಿಗೆ ಕೂರುತ್ತದೆ, ತಿಂಗಳಿಡೀ ಹಗಲು ರಾತ್ರಿ ಉರಿದರೂ ಅರ್ಧ ಯೂನಿಟ್ ಆಗುವುದಿಲ್ಲ. ಅಪ್ಪಿತಪ್ಪಿ ತಂದು ಹಾಕೀರಿ. ಬಲ್ಬು ನಿಜವಾಗಿಯೂ ಜೀರೋ ಆಗಿಬಿಟ್ಟರೆ ಅದನ್ನು ಹೊಗಳಲು ನಮಗೇನೂ ಉಳಿಯುವುದಿಲ್ಲ.