ದೀರ್ಘವೃತ್ತ ಮೀಮಾಂಸೆ ಅಥವಾ ಮೊಟ್ಟೆಪಂಥದ ಸಮರ್ಥನೆ

ಲಕ್ಷಣ ಪ್ರಕರಣ

ವೃತ್ತಕ್ಕೆ ಕೇಂದ್ರ ಒಂದೇ. ಆದ್ದರಿಂದ ಅದರ ವಿಷಯದಲ್ಲಿ ವಿದ್ವಾಂಸರಿಗೆ ಜಗಳವಿಲ್ಲ. ಜಗಳವಿಲ್ಲದ ಕಡೆ ಪ್ರಬಂಧಕ್ಕೂ ಜಾಗವಿಲ್ಲ. ದೀರ್ಘವೃತ್ತಕ್ಕಾದರೋ ನಾಭಿಗಳು ಎರಡು. ಅಂಚಿನ ಯಾವ ಬಿಂದುವಿನಿಂದ ಅಳೆದರೂ ಎರಡು ನಾಭಿಗಳಿಗಿರುವ ದೂರಗಳ ಮೊತ್ತ ಬದಲಾಗದು. ಎರಡು ಬಣಗಳಿರುವ ಪಕ್ಷದ ಕಾರ್ಯಕರ್ತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಒಬ್ಬ ನಾಯಕನಿಗೆ ಹತ್ತಿರವಾದಷ್ಟೂ ಇನ್ನೊಬ್ಬನಿಗೆ ದೂರ, ಒಟ್ಟು ಓಡಾಟ ಮಾತ್ರ ಅಷ್ಟೇ.

ಪಂಥ ಪ್ರಕರಣ

ದೀರ್ಘವೃತ್ತ ಬರೆಯುವವರಲ್ಲಿ ಮೂರು ಪಂಥಗಳುಂಟು.

ಮೊದಲನೆಯದು ದಾರಪಂಥ. ಡ್ರಾಯಿಂಗ್ ಬೋರ್ಡಿನ ಮೇಲೆ 8 ಸೆಂ.ಮೀ. ಅಂತರದಲ್ಲಿ ಎರಡು ಗುಂಡುಸೂಜಿ ಚುಚ್ಚಿ, ಅವುಗಳ ನಡುವೆ 10 ಸೆಂ.ಮೀ. ದಾರ ಕಟ್ಟಿ, ಪೆನ್ಸಿಲಿನಿಂದ ಬಿಗಿಯಾಗಿ ಜಗ್ಗಿ ಸುತ್ತು ಹಾಕಿದರೆ 10 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ ನಿರ್ದುಷ್ಟ ಆಕೃತಿ ಸಿದ್ಧ. ಇದರ ಮಹಾದೋಷವೆಂದರೆ ಸುಲಭತೆ. ಸುಲಭವಾದದ್ದಕ್ಕೆ ಶಾಸ್ತ್ರದಲ್ಲಿ ಮರ್ಯಾದೆ ಕಡಿಮೆ.

ಎರಡನೆಯದು ಚುಕ್ಕಿಪಂಥ. ಒಂದೇ ಕೇಂದ್ರದ ಎರಡು ವೃತ್ತಗಳನ್ನು 12 ಭಾಗ ಮಾಡಿ, ಹೊರವೃತ್ತದಿಂದ ನೇರ ಗೆರೆ, ಒಳವೃತ್ತದಿಂದ ಅಡ್ಡ ಗೆರೆ ಎಳೆದು, ಅವು ಕೂಡಿದಲ್ಲಿ ಚುಕ್ಕಿ ಇಡುತ್ತಾರೆ. ಇಲ್ಲಿಯವರೆಗೆ ಶಾಸ್ತ್ರ. ಫ್ರೆಂಚ್ ಕರ್ವ್ ಹಿಡಿದು ಚುಕ್ಕಿ ಸೇರಿಸುವುದು ದೈವೇಚ್ಛೆ. ಎರಡು ತುದಿಗಳಲ್ಲೂ ಗೆರೆ ದೀರ್ಘಾಕ್ಷಕ್ಕೆ ಲಂಬವಾಗಿ ಹಾಯಬೇಕು ಎಂಬುದು ವಿಧಿ. ಅಲ್ಲಿ ಮೂಗು ಮೂಡುವುದು ರೂಢಿ.

ಮೂರನೆಯದು ಮೊಟ್ಟೆಪಂಥ. ಬರಿಗೈಯಲ್ಲಿ ಎಳೆದು, ಒಂದು ತುದಿ ದಪ್ಪ, ಇನ್ನೊಂದು ಚೂಪಾದ ಮೇಲೆ ರಬ್ಬರ್ ಹುಡುಕುವವರೆಲ್ಲ ಇದರ ಅನುಯಾಯಿಗಳು. ಇವರ ಕಿವಿ ಹಿಂಡುವ ಮೇಷ್ಟ್ರುಗಳು ಪಂಥದ ಗುರುಪರಂಪರೆಯನ್ನು ಅರಿತಿಲ್ಲ. ಮಂಗಳನ ಕಕ್ಷೆಗೆ ಸಾಕ್ಷಾತ್ ಕೆಪ್ಲರನೇ ಮೊದಲು ಮೊಟ್ಟೆಯಾಕಾರ ಹಿಡಿದು ಹೆಣಗಿ, ಕಡೆಗೆ ದೀರ್ಘವೃತ್ತಕ್ಕೆ ಬಂದು, 1609ರಲ್ಲಿ ಗ್ರಂಥ ಪ್ರಕಟಿಸಿದ.

ಪರಿಧಿ ಪ್ರಕರಣ

ಕ್ಷೇತ್ರಫಲ ನಿರುಪದ್ರವಿ: ಅರ್ಧ ಉದ್ದ, ಅರ್ಧ ಅಗಲ, ಪೈ, ಮೂರನ್ನೂ ಗುಣಿಸಿದರೆ ಮುಗಿಯಿತು. ಸುತ್ತಳತೆಗೆ ಮಾತ್ರ ಅಂಥ ಸರಳ ಸೂತ್ರವಿಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಒಂದು ಉಪಾಯ ಹೇಳಿದರು: ಉದ್ದವನ್ನು ಇಮ್ಮಡಿಸಿ ವರ್ಗ ಮಾಡು, ಅಗಲದ ವರ್ಗದ 6 ಪಟ್ಟು ಕೂಡು, ವರ್ಗಮೂಲ ತೆಗೆ. ನಮ್ಮ ದಾರದ ಆಕೃತಿಗೆ ಬರುವ ಉತ್ತರ 24.82 ಸೆಂ.ಮೀ. 1914ರಲ್ಲಿ ರಾಮಾನುಜನ್ ಕೊಟ್ಟ ಅಂದಾಜು ಸೂತ್ರ ಹಾಕಿದರೆ 25.53. ಸಾವಿರ ವರ್ಷಗಳ ಪಾಂಡಿತ್ಯದ ಲಾಭ 7 ಮಿ.ಮೀ. ದಾರಪಂಥದವರಿಗೆ ಗಂಟು ಹಾಕಲಿಕ್ಕೇ ಅಷ್ಟು ಬೇಕು.

ಸಿದ್ಧಾಂತ

ಮಂಗಳನ ಕಕ್ಷೆಯ ಉತ್ಕೇಂದ್ರತೆ 0.093. ಅದನ್ನು 10 ಸೆಂ.ಮೀ. ಉದ್ದಕ್ಕೆ ಬರೆದರೆ ಅಗಲ ಅರ್ಧ ಮಿಲಿಮೀಟರಿನಷ್ಟೂ ಕಡಿಮೆಯಾಗದು, 0.5 ಲೀಡಿನ ಗೆರೆಯಲ್ಲೇ ಅದು ಮುಳುಗಿಹೋಗುತ್ತದೆ. ಸೂರ್ಯ ಮಾತ್ರ ನಟ್ಟನಡುವಿನಿಂದ 4.7 ಮಿ.ಮೀ. ಪಕ್ಕಕ್ಕೆ ಕೂರುತ್ತಾನೆ. ಆದ್ದರಿಂದ ದೀರ್ಘವೃತ್ತ ಬರೆಯಲು ಬಾರದವರು ಕೈವಾರದಿಂದ ಚೊಕ್ಕ ವೃತ್ತವೊಂದನ್ನು ಎಳೆದು, ಸೂರ್ಯನನ್ನು ಅಷ್ಟು ಸರಿಸಿ, ಕೆಳಗೆ ‘ಮಂಗಳನ ಕಕ್ಷೆ’ ಎಂದು ಬರೆಯತಕ್ಕದ್ದು. ಶಾಸ್ತ್ರಸಮ್ಮತವಾದ ಈ ಉತ್ತರವನ್ನು ಮೌಲ್ಯಮಾಪಕರು ಒಪ್ಪದಿದ್ದರೆ ವಿದ್ಯಾರ್ಥಿ ಬೇಸರಿಸಬಾರದು. ಅವರು ಕೊಟ್ಟ ಸೊನ್ನೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಲಿ: ದಾರವಿಲ್ಲ, ಚುಕ್ಕಿಯಿಲ್ಲ, ರಬ್ಬರ್ ಸವೆದಿಲ್ಲ, ಕೆಂಪು ಶಾಯಿಯಲ್ಲಿ, ಒಂದೇ ಎಳೆತಕ್ಕೆ, ಮೂಗಿಲ್ಲದ ಶುದ್ಧ ದೀರ್ಘವೃತ್ತ.