ಬೀಗವೆಂಬ ನಂಬಿಕೆ

ಅಗ್ಗದ ಬೀಗವನ್ನು ಕೀಲಿಕೈಯಿಲ್ಲದೆ ತೆರೆಯಲು ಕಲಿಯುವುದು ಕಳ್ಳವಿದ್ಯೆಯಲ್ಲ, ಭ್ರಮೆ ಬಿಡಿಸುವ ವಿದ್ಯೆ. ಪುಟ್ಟ ಬೀಗದ ಹೊಟ್ಟೆಯಲ್ಲಿರುವುದು ನಾಲ್ಕಾರು ಪಿನ್ನು, ಅಷ್ಟೇ ಸ್ಪ್ರಿಂಗು. ಕೀಲಿಕೈ ಅವನ್ನು ಒಂದೇ ಗೆರೆಗೆ ತಂದರೆ ಒಳಗಿನ ಉರುಳೆ ತಿರುಗುತ್ತದೆ. ಅಗ್ಗದ ಮಾಲಿನಲ್ಲಿ ಪಿನ್ನು ಕೂರುವ ತೂತುಗಳು ಅಷ್ಟು ನೇರವಿರುವುದಿಲ್ಲ. ಹಾಗಾಗಿ ಉರುಳೆಯನ್ನು ಮೆಲ್ಲನೆ ತಿರುಚಿ ಹಿಡಿದು ಎತ್ತಿದರೆ ಪಿನ್ನುಗಳು ಒಂದೊಂದಾಗಿ ಶರಣಾಗುತ್ತವೆ. ಇದು ಕಳ್ಳರಿಗೆ ಪಾಠವಾಗದೇ ಎಂದರೆ, ಅಷ್ಟು ತಾಳ್ಮೆಯಿದ್ದವನು ಬ್ಯಾಂಕುಗಳ ತವರಾದ ಮಂಗಳೂರಿನಲ್ಲಿ ಗುಮಾಸ್ತನಾಗಿಯೇ ಬದುಕುತ್ತಿದ್ದ. ಕಳ್ಳನ ಕೈಯಲ್ಲಿರುವುದು ಸಲಾಕೆ. 1851ರಲ್ಲಿ ಲಂಡನ್ನಿನಲ್ಲಿ ಅಮೆರಿಕದ ಬೀಗತಜ್ಞ ಹಾಬ್ಸ್ ಹೆಸರಾಂತ ಬ್ರಾಮಾ ಬೀಗವನ್ನು ತೆರೆಯಲು 51 ಗಂಟೆ ತೆಗೆದುಕೊಂಡ. ಯಾವ ಕಳ್ಳನಿಗೂ ಅಷ್ಟು ಪುರುಸೊತ್ತಿಲ್ಲ.

ಹಾಗಾದರೆ ಬೀಗವೇ ಬೇಡವೇ? ಬೇಕು. ಅದು ಸಜ್ಜನರಿಗೆ ಮಾಡಿದ ನಮ್ರ ವಿನಂತಿ. ಅಭ್ಯಾಸ ಮಾತ್ರ ಸ್ವಂತ ಬೀಗದ ಮೇಲಿರಲಿ, ಅದೂ ಬಾಗಿಲಿನಲ್ಲಿ ನೇತಾಡುವ ಬೀಗದ ಮೇಲೆ ಬೇಡ. ಇನ್ನು ಕಡಲತಡಿಯ ಮಂಗಳೂರಿನಲ್ಲಿ ಉಪ್ಪುಗಾಳಿಯ ನಡುವೆ ಎರಡು ಮಳೆಗಾಲ ಕಂಡ ಅಗ್ಗದ ಬೀಗ ಯಜಮಾನನ ಅಸಲಿ ಕೀಲಿಕೈಗೂ ಜಗ್ಗುವುದಿಲ್ಲ. ಅಲ್ಲಿ ಕಳ್ಳನೂ ಮಾಲೀಕನೂ ಸರಿಸಮಾನರು. ಗೆಲ್ಲುವುದು ತುಕ್ಕು ಮಾತ್ರ.